ಸ್ವಪಾದಸೇವೆ

ಮನುಷ್ಯರಲ್ಲಿ ಇರುವ ಹಾಗೆ ವ್ಯಾಧಿಗಳಲ್ಲಿಯೂ ಕುಲೀನವಾದವು, ಅಕುಲೀನವಾದವು ಎಂಬ ಭೇದವುಂಟು. ಹೃದಯಕ್ಕೆ ಸಂಬಂಧಿಸಿದ ಯಾವುದೊಂದು ತೊಂದರೆಯಾಗಲಿ, ಅದಕ್ಕೆ ಹುಟ್ಟಿನಿಂದಲೇ ಒಂದು ಗಾಂಭೀರ್ಯ ಒದಗಿರುತ್ತದೆ; ಸುದ್ದಿ ಕಿವಿಗೆ ಬಿದ್ದವರು ಧ್ವನಿ ತಗ್ಗಿಸಿ ಮಾತನಾಡುತ್ತಾರೆ, ಎಳನೀರು ಕಿತ್ತಳೆಹಣ್ಣುಗಳ ಸಮೇತ ಬಂದು ಮಂಚದ ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ, ಎಷ್ಟೋ ಕಾಲದಿಂದ ಮಾತು ಬಿಟ್ಟಿದ್ದ ದಾಯಾದಿಗಳು ಕೂಡ ಗದ್ಗದಕಂಠರಾಗುತ್ತಾರೆ. ತಲೆನೋವು ಬಂದವನಿಗೆ, ಅವನು ಯಾವುದೋ ಗಹನವಾದ ವಿಷಯವನ್ನು ಚಿಂತಿಸಿರಬೇಕೆಂಬ ಸಂದೇಹದ ಲಾಭ ದೊರೆಯುತ್ತದೆ. ನೆಗಡಿಯಂಥ ಕ್ಷುದ್ರ ವ್ಯಾಧಿಗೂ, ಅದು ಪದೇಪದೇ ಸದ್ದು ಮಾಡಿ ತನ್ನ ಇರವನ್ನು ಮನೆಗೆಲ್ಲ ಸಾರುವುದರಿಂದ, ಒಂದು ಲೋಟ ಮೆಣಸಿನ ಕಷಾಯವಾದರೂ ಸಲ್ಲುತ್ತದೆ. ಹಿಮ್ಮಡಿಯ ನೋವಿಗೆ ಮಾತ್ರ ಈ ಯಾವ ಮರ್ಯಾದೆಯೂ ಇಲ್ಲ. ದೇಹದ ತೀರ ಕೆಳಗಿನ ಮೂಲೆಯಲ್ಲಿ, ಕನ್ನಡಿಗೂ ಕಾಣದ ಸ್ಥಳದಲ್ಲಿ, ಊತವಾಗಲಿ ಗಾಯವಾಗಲಿ ಗುಳ್ಳೆಯಾಗಲಿ ಇಲ್ಲದೆ ನೆಲೆಸುವ ಈ ವ್ಯಾಧಿಯನ್ನು ಹೊತ್ತವನಿಗೆ ಕಿತ್ತಳೆಹಣ್ಣು ತಂದುಕೊಟ್ಟವರನ್ನು ನಾನು ಈವರೆಗೆ ಕಂಡಿಲ್ಲ.

ಅದರ ಸ್ವಭಾವವೂ ಅಪನಂಬಿಕೆಯನ್ನು ಹುಟ್ಟಿಸುವಂಥದೇ. ಬೆಳಗ್ಗೆ ಹಾಸಿಗೆಯಿಂದೆದ್ದು ನೆಲದ ಮೇಲೆ ಮೊದಲ ಹೆಜ್ಜೆ ಊರಿದೊಡನೆ, ಹಿಮ್ಮಡಿಯ ಒಳಮಗ್ಗುಲಿನಲ್ಲಿ ಚುಳ್ಳೆಂದು ಹೊರಟ ನೋವು ಅಂಗಾಲಿನ ಉದ್ದಕ್ಕೂ ಹರಿದು, ಬಾಯಲ್ಲಿ ದೇವರ ಹೆಸರು ಬರಬೇಕಾದ ಹೊತ್ತಿನಲ್ಲಿ ಬೇರೆ ಏನನ್ನೋ ಬರಿಸುತ್ತದೆ. ಮಂಚದ ಕಾಲು, ಗೋಡೆ, ಬಾಗಿಲಿನ ಚೌಕಟ್ಟು ಹೀಗೆ ಒಂದೊಂದನ್ನೇ ಹಿಡಿಯುತ್ತ, ಹಿಮ್ಮಡಿ ನೆಲಕ್ಕೆ ತಾಗದಂತೆ ತುದಿಗಾಲಿನಲ್ಲಿ ಬಚ್ಚಲಮನೆಯನ್ನು ಸೇರಿದ ಅದೇ ಮನುಷ್ಯನು ಅರ್ಧ ಗಂಟೆಯ ತರುವಾಯ ಹಾಲು ತರಲೆಂದು ಬೀದಿಯ ಕೊನೆಯವರೆಗೆ ನೆಟ್ಟಗೆ ನಡೆದುಹೋಗುವುದನ್ನು ಕಂಡ ಮನೆಯವರು, ಬೆಳಗಿನ ದೃಶ್ಯವನ್ನು ನಟನೆಯೆಂದು ಬಗೆದರೆ ಅವರನ್ನು ಆಕ್ಷೇಪಿಸುವಂತಿಲ್ಲ. ನಡೆದಂತೆಲ್ಲ ಸಡಿಲಗೊಂಡು ಮರೆಯಾಗುವುದು, ಸ್ವಲ್ಪ ಹೊತ್ತು ಕುಳಿತು ಎದ್ದರೆ ಮತ್ತೆ ಪ್ರತ್ಯಕ್ಷವಾಗುವುದು ಇದರ ಧರ್ಮ. ಮದುವೆಯ ಮನೆಯ ಪಂಕ್ತಿಯಲ್ಲಿ ಪಾಯಸ ಹೋಳಿಗೆಗಳನ್ನು ಮುಗಿಸಿ ಕೈತೊಳೆಯಲು ಏಳುವಾಗ, ದೂರದ ಊರಿಗೆ ಹೋದ ಕೆಂಪು ಬಸ್ಸಿನಿಂದ ಇಳಿಯುವಾಗ, ಬ್ಯಾಂಕಿನ ಕುರ್ಚಿಯಲ್ಲಿ ಕಾದು ಕುಳಿತು ತನ್ನ ಸರದಿ ಬಂದಾಗ, ಹಿಮ್ಮಡಿಯ ರೋಗಿಯನ್ನು ಅವನ ಮೊದಲ ನಾಲ್ಕು ಹೆಜ್ಜೆಗಳಿಂದಲೇ ಗುರುತಿಸಬಹುದು. ನಾನಂತೂ ಹಾಗೆ ಹಲವರನ್ನು ಗುರುತಿಸಿ, ಪರಿಚಯವಿಲ್ಲದಿದ್ದರೂ ಮುಗುಳ್ನಕ್ಕಿದ್ದೇನೆ.

ನಾನು ಉಪಾಧ್ಯಾಯ ವೃತ್ತಿಯವನು. ಕುಳಿತು ಪಾಠ ಹೇಳುವವನು ಪಾಠ ಹೇಳುವವನೇ ಅಲ್ಲವೆಂದು ನಂಬಿದ್ದ ಹಿರಿಯರ ಕೈಕೆಳಗೆ ಸೇರಿದವನಾದುದರಿಂದ, ಸಿಮೆಂಟಿನ ಕಟ್ಟೆಯ ಮೇಲೆ ಕರಿಹಲಗೆಯ ಮುಂದೆ ನಿಂತೇ ಸಂಬಳ ತೆಗೆದುಕೊಂಡೆ. ಇಂಗ್ಲಿಷಿನವರು ಹಿಂದೆ ಈ ವ್ಯಾಧಿಯನ್ನು ಪೊಲೀಸಿನವನ ಹಿಮ್ಮಡಿಯೆಂದು ಕರೆಯುತ್ತಿದ್ದರಂತೆ. ಬೀದಿ ಸುತ್ತುವ ಪೊಲೀಸಿನವನಿಗೆ ಸಂದ ಈ ಬಿರುದಿನಲ್ಲಿ ಬಸ್ಸಿನ ಕಂಡಕ್ಟರನಿಗೂ, ಆಸ್ಪತ್ರೆಯ ದಾದಿಯರಿಗೂ, ಹೋಟೆಲಿನ ಮಾಣಿಗೂ, ನಮ್ಮಂಥ ಮೇಷ್ಟರುಗಳಿಗೂ ಪಾಲು ದೊರೆಯಬೇಕಾದುದು ನ್ಯಾಯ. ಹಾಗೆಂದು ನಿಲ್ಲುವ ವೃತ್ತಿಯವರಿಗೆ ಮಾತ್ರ ಬರುವುದೆಂದಲ್ಲ. ನಡುವಯಸ್ಸು ದಾಟಿದವರು, ಮೈಭಾರ ಹೆಚ್ಚಿದವರು, ಇದ್ದಕ್ಕಿದ್ದಂತೆ ವೈದ್ಯರ ಮಾತು ಕೇಳಿ ದಿನವೂ ಎರಡು ಮೂರು ಮೈಲಿ ಬಿರುಸಾಗಿ ನಡೆಯಲು ಹೊರಟವರು, ಎಲ್ಲರೂ ಈ ಸಮಾಜದ ಸದಸ್ಯರೇ.

ಪಾದವೆಂಬುದು 26 ಮೂಳೆಗಳ ಸಂಧಾನ. ಎರಡೂ ಪಾದಗಳನ್ನು ಸೇರಿಸಿದರೆ 52. ಇಡೀ ದೇಹದಲ್ಲಿರುವ 206 ಮೂಳೆಗಳಲ್ಲಿ ಕಾಲುಭಾಗವನ್ನು ವಿಧಾತನು ಅಲ್ಲಿಯೇ ಇಟ್ಟುಬಿಟ್ಟಿದ್ದಾನೆ. ಅವುಗಳಲ್ಲೆಲ್ಲ ದೊಡ್ಡದು ಹಿಮ್ಮಡಿಯ ಮೂಳೆ. ಅದರ ತಳದಿಂದ ಹೊರಟು ಐದು ಬೆರಳುಗಳ ಬುಡದವರೆಗೆ ಹರಡಿಕೊಂಡಿರುವ ಬಿಳಿಯ ನಾರಿನ ಪಟ್ಟಿಯೊಂದುಂಟು. ಅಂಗಾಲಿನ ಕಮಾನು ಬಿಲ್ಲಾದರೆ ಈ ಪಟ್ಟಿಯೇ ಅದರ ಹೆದೆ. ಓದುಗರು ಈಗಲೇ ಒಂದು ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಂಡು, ಹೆಬ್ಬೆರಳನ್ನು ಹಿಡಿದು ಮೊಣಕಾಲಿನ ಕಡೆಗೆ ಮೆಲ್ಲನೆ ಎಳೆದು, ಇನ್ನೊಂದು ಕೈಯ ಬೆರಳಿನಿಂದ ಅಂಗಾಲಿನ ಒಳಮಗ್ಗುಲನ್ನು ಸವರಿ ನೋಡಬಹುದು: ಅದುವರೆಗೆ ಮೆತ್ತಗಿದ್ದ ಎಡೆಯಲ್ಲಿ ಬಿಗಿದ ಹುರಿಯೊಂದು ಕೈಗೆ ಹತ್ತುತ್ತದೆ, ಹೆಬ್ಬೆರಳನ್ನು ಬಿಟ್ಟರೆ ಹುರಿ ಮಾಯ. ಹೆಬ್ಬೆರಳು ಮೇಲಕ್ಕೆ ಮಡಿದೊಡನೆ ಹೆದೆಯು ಬಿಗಿದು ಕಮಾನು ಏರುವ ಈ ಚಮತ್ಕಾರವನ್ನು ಹಿಕ್ಸ್ ಎಂಬ ಬ್ರಿಟಿಷ್ ವೈದ್ಯನು 1954ರಲ್ಲಿ ವಿವರಿಸಿದನು. ಅದಕ್ಕೆ ಮುಂಚೆ ಎಷ್ಟು ಸಾವಿರ ವರ್ಷಗಳಿಂದ ಮನುಷ್ಯನು ಪ್ರತಿ ಹೆಜ್ಜೆಯಲ್ಲಿಯೂ ಅದನ್ನು ಮಾಡುತ್ತ ಬಂದಿದ್ದನೋ, ಬಲ್ಲವರಾರು!

ರಾತ್ರಿ ಮಲಗಿದಾಗ ಪಾದವು ಸಡಿಲವಾಗಿ ಕೆಳಮುಖವಾಗಿ ಬಾಗಿರುವುದರಿಂದ ಈ ಪಟ್ಟಿ ಕುಗ್ಗಿದ ಸ್ಥಿತಿಯಲ್ಲಿಯೇ ಬೆಳಗು ಮಾಡುತ್ತದೆ. ಎದ್ದವನು ಒಮ್ಮೆಲೇ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಾಗ, ಮೊದಲೇ ಸವೆದ ಪಟ್ಟಿಯು ಹಿಮ್ಮಡಿಯ ಮೂಳೆಯನ್ನು ಕಚ್ಚಿಕೊಂಡ ಜಾಗದಲ್ಲಿ ಹಿಗ್ಗಲಾರದೆ ಚೀರುತ್ತದೆ. ಇದು ಕೇವಲ ಉರಿಯೂತವೆಂದು ಹಿಂದೆ ಎಣಿಸಿದ್ದರು; ದೀರ್ಘಕಾಲದ ನೋವಿನಲ್ಲಿ ಉರಿಗಿಂತ ನಾರಿನ ಜೀರ್ಣತೆಯೇ ಹೆಚ್ಚೆಂಬುದು ಈಚಿನ ತಿಳಿವಳಿಕೆ. ಮೀನಖಂಡವನ್ನು ಹಿಮ್ಮಡಿಗೆ ಬಿಗಿಯುವ ದಪ್ಪ ಸ್ನಾಯುರಜ್ಜು ಬಿರುಸಾಗಿದ್ದರಂತೂ ಅಂಗಾಲಿನ ಪಟ್ಟಿಯ ಪಾಡು ಇನ್ನಷ್ಟು ಕಷ್ಟ. ಆ ರಜ್ಜುವಿಗೆ ಪಾಶ್ಚಾತ್ಯರು ಅಕಿಲೀಸನೆಂಬ ಗ್ರೀಕ್ ವೀರನ ಹೆಸರಿಟ್ಟಿದ್ದಾರೆ. ಅವನ ಮೃತ್ಯು ಹಿಮ್ಮಡಿಯಲ್ಲಿತ್ತು. ನಮ್ಮ ಶ್ರೀಕೃಷ್ಣನೂ ಜರನೆಂಬ ಬೇಡನ ಬಾಣ ಪಾದಕ್ಕೆ ನಾಟಿಯೇ ಅವತಾರವನ್ನು ಮುಗಿಸಿದನು. ದೇವರುಗಳಿಗೂ ವೀರರಿಗೂ ದುರ್ಬಲವಾಗಿದ್ದ ಸ್ಥಳದಲ್ಲಿ ನಿವೃತ್ತ ಉಪಾಧ್ಯಾಯನೊಬ್ಬನಿಗೆ ನೋವು ಬಂದರೆ ನಾಚಿಕೊಳ್ಳಬೇಕಾದುದಿಲ್ಲ.

ಎಕ್ಸ್-ರೇ ತೆಗೆಸಿದವರ ಕಥೆ ಬೇರೆ. ಹಿಮ್ಮಡಿಯ ಮೂಳೆಯಿಂದ ಮುಂದಕ್ಕೆ ಚಾಚಿದ ಸಣ್ಣದೊಂದು ಮೊನೆ ಚಿತ್ರದಲ್ಲಿ ಕಾಣಿಸಿಕೊಂಡರೆ, "ಮೂಳೆ ಬೆಳೆದಿದೆ" ಎಂಬ ವಾರ್ತೆ ಅಂದೇ ಸಂಜೆಯೊಳಗೆ ಬಂಧುವರ್ಗದಲ್ಲೆಲ್ಲ ಪ್ರಚಾರವಾಗುತ್ತದೆ. ಕಾಯೋತ್ಸರ್ಗದಲ್ಲಿ ಒಂದು ವರ್ಷ ನಿಂತ ಬಾಹುಬಲಿಗೆ ಕಾಲಿನ ಸುತ್ತ ಹುತ್ತ ಬೆಳೆಯಿತು, ಬಳ್ಳಿ ಬೆಳೆಯಿತು. ಪಾಠ ಹೇಳುತ್ತ ನಿಂತವನಿಗೆ ಮೂಳೆಯಾದರೂ ಬೆಳೆಯಲಿ ಎಂದು ನಾನು ಸಮಾಧಾನ ಹೇಳಿಕೊಳ್ಳುತ್ತಿದ್ದೆನಾದರೂ, ನಿಜಾಂಶವೇನೆಂದರೆ ಆ ಮೊನೆಗೂ ನೋವಿಗೂ ಇರುವ ನಂಟು ಬಹಳ ಸಡಿಲ. ಮೊನೆಯಿದ್ದೂ ಸುಖವಾಗಿ ತಿರುಗಾಡುವವರು ಅನೇಕರಿದ್ದಾರೆ. ಮೊನೆಯಿಲ್ಲದೆ ನರಳುವವರೂ ಬಹಳ ಮಂದಿಯಿದ್ದಾರೆ. ಮೂಳೆಯನ್ನು ಕರಗಿಸುತ್ತೇವೆಂದು ಪುಡಿ, ಗುಳಿಗೆ, ತೈಲಗಳನ್ನು ಮಾರುವವರ ಹತ್ತಿರ ಈ ಒಂದು ಸಂಗತಿಯನ್ನು ಜ್ಞಾಪಕದಲ್ಲಿಟ್ಟುಕೊಂಡರೆ ಹಣ ಉಳಿಯುತ್ತದೆ. ಹಿಮ್ಮಡಿಗೆ ಚುಚ್ಚುವ ಸ್ಟೆರಾಯ್ಡ್ ಸೂಜಿಮದ್ದು ಕೆಲವು ವಾರಗಳ ಮಟ್ಟಿಗೆ ಸ್ವರ್ಗವನ್ನು ತೋರಿಸುತ್ತದೆ. ಆದರೆ ಅದನ್ನು ಮೇಲಿಂದ ಮೇಲೆ ಚುಚ್ಚಿಸಿಕೊಂಡರೆ ಪಟ್ಟಿಯೇ ಹರಿಯುವ, ಹಿಮ್ಮಡಿಯ ಅಡಿಯ ಕೊಬ್ಬಿನ ಮೆತ್ತೆ ತೆಳುವಾಗುವ ಭಯವುಂಟು. ಈ ವ್ಯಾಧಿ ಹಿಡಿದವರಲ್ಲಿ ನೂರಕ್ಕೆ 80ರಿಂದ 90 ಮಂದಿ ಶಸ್ತ್ರಕ್ರಿಯೆಯ ಗೊಡವೆಯಿಲ್ಲದೆ, ಮನೆಯ ಉಪಚಾರಗಳಿಂದಲೇ, ಹೆಚ್ಚೆಂದರೆ ಒಂದು ವರ್ಷದಲ್ಲಿ ಸುಧಾರಿಸಿಕೊಳ್ಳುತ್ತಾರೆ. ಆ ವರ್ಷವನ್ನು ಕಳೆಯುವುದು ಹೇಗೆಂಬುದೇ ಪ್ರಶ್ನೆ.

ನಮ್ಮ ಪೂರ್ವಿಕರ ಉತ್ತರ ಹಿತ್ತಲಿನಲ್ಲಿತ್ತು. ನನ್ನ ಅಜ್ಜಿಗೆ ಹಿಮ್ಮಡಿ ನೋವು ಬಂದಾಗ ಬಚ್ಚಲ ಒಲೆಯ ಬಾಯಲ್ಲಿ ಒಂದು ಇಟ್ಟಿಗೆ ಕಾಯುತ್ತಿತ್ತು. ನಾವು ಹುಡುಗರು ಬೇಲಿಯ ಎಕ್ಕದ ಗಿಡದಿಂದ ಬಲಿತ ಎಲೆಗಳನ್ನು ಕಿತ್ತು, ತೊಟ್ಟಿನಿಂದೊಸರುವ ಹಾಲು ಕೈಗೆ ಅಂಟದಂತೆ ಹಿಡಿದು ತಂದುಕೊಡಬೇಕು. ಎಲೆಗೆ ಹರಳೆಣ್ಣೆ ಸವರಿ, ಇಕ್ಕಳದಿಂದ ಹೊರತೆಗೆದ ಇಟ್ಟಿಗೆಯ ಮೇಲೆ ಎರಡು ಮೂರು ಎಲೆಗಳನ್ನು ಒಂದರ ಮೇಲೊಂದು ಹಾಸಿ, ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಮ್ಮಡಿಯನ್ನು ಅದರ ಮೇಲೆ ಒತ್ತುತ್ತಲೂ ಎತ್ತುತ್ತಲೂ ನಿಲ್ಲುವರು. ಎಲೆ ಸುಂಯ್ ಎನ್ನುತ್ತ ಬಾಡಿ ಕಪ್ಪಾಗುವುದು; ಹಸಿರು ಸುಟ್ಟ, ಎಣ್ಣೆ ಕಾದ ಒಂದು ವಾಸನೆ ಹಿತ್ತಲಿನಲ್ಲೆಲ್ಲ ತುಂಬುವುದು. "ಹಾ, ಜೀವ ಬಂತು ನೋಡು" ಎಂದು ಅವರು ಹೇಳುವಾಗ ಮುಖದಲ್ಲಿ ಮೂಡುತ್ತಿದ್ದ ತೃಪ್ತಿಯನ್ನು ಯಾವ ಔಷಧಶಾಸ್ತ್ರವೂ ಅಲ್ಲಗಳೆಯಲಾರದು. ಕಾಲನ್ನು ಅಡ್ಡಾದಿಡ್ಡಿಯಾಗಿ ಇಟ್ಟು ನಡೆಯುವುದರಿಂದ ವಾತವು ಪಾದಮೂಲದಲ್ಲಿ ನೆಲೆಸಿ ನೋಯಿಸುವುದನ್ನು ಸುಶ್ರುತನು ವಾತಕಂಟಕವೆಂಬ ಹೆಸರಿನಿಂದ ಹೇಳಿದ್ದಾನೆ. ನಿತ್ಯವೂ ಅಂಗಾಲಿಗೆ ಎಣ್ಣೆ ತಿಕ್ಕುವ ಪಾದಾಭ್ಯಂಗವನ್ನು ಚರಕನೂ ವಾಗ್ಭಟನೂ ದಿನಚರಿಯ ಭಾಗವಾಗಿಯೇ ವಿಧಿಸಿದ್ದಾರೆ. ಅಜ್ಜಿಯ ಆ ತೃಪ್ತಿಯಲ್ಲಿ ಎಕ್ಕದ ಪಾಲೆಷ್ಟು, ಬಿಸಿಯ ಪಾಲೆಷ್ಟು, ಬೆಳಗಿನಿಂದ ದುಡಿದವರು ಅರ್ಧ ಗಂಟೆ ಕೆಲಸ ಬಿಟ್ಟು ನಿಲ್ಲುವ ಬಿಡುವಿನ ಪಾಲೆಷ್ಟು ಎಂದು ವಿಂಗಡಿಸಲು ನಾನು ಹೋಗುವುದಿಲ್ಲ. ಬಿಸಿಯಿಂದ ಬಿಗಿದ ಮಾಂಸ ಸಡಿಲುವುದು ದಿಟ, ನೆಮ್ಮದಿಯೂ ದಿಟ. ಆದರೆ ಆ ನೆಮ್ಮದಿ ಮಾರನೆಯ ಬೆಳಗಿನವರೆಗೆ ಬಾಳುವುದು ಅಪರೂಪ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೆ ಅಪಾಯ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಮಂದವಾದವರು ಇಟ್ಟಿಗೆಯ ಹತ್ತಿರ ಸುಳಿಯಲೇಬಾರದು. ಅವರ ಹಿಮ್ಮಡಿ ಬೆಂದುದು ಅವರಿಗೇ ತಿಳಿಯುವುದಿಲ್ಲ.

ಹಾಗಾದರೆ ಬೆಳಗಿನವರೆಗೆ ಬಾಳುವ ಉಪಚಾರ ಯಾವುದು? ಅದಕ್ಕೆ ಬೇಕಾದುದು ಒಂದು ಪಂಚೆ ಅಥವಾ ಟವಲು, ಮತ್ತು ಹಾಸಿಗೆಯಿಂದ ಏಳುವ ಮೊದಲು ಸ್ವಲ್ಪ ತಾಳ್ಮೆ. ಅಮೆರಿಕದ ರಾಚೆಸ್ಟರಿನ ವೈದ್ಯರು 2003ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಮೇಲೆ ಹೇಳಿದ ಹೆಬ್ಬೆರಳಿನ ಚಮತ್ಕಾರವನ್ನೇ ಚಿಕಿತ್ಸೆಯಾಗಿ ಬಳಸಿದರು: ನೋಯುವ ಕಾಲನ್ನು ಇನ್ನೊಂದರ ಮೇಲೆ ಅಡ್ಡಹಾಕಿ, ಕಾಲ್ಬೆರಳುಗಳನ್ನು ಕೈಯಿಂದ ಹಿಡಿದು ಮೊಣಕಾಲಿನತ್ತ ಎಳೆದು, ಹತ್ತು ಎಣಿಸುವವರೆಗೆ ಹಾಗೆಯೇ ಹಿಡಿದಿರುವುದು, ಹೀಗೆ ಹತ್ತು ಸಲ, ದಿನಕ್ಕೆ ಮೂರಾವರ್ತಿ, ಅದರಲ್ಲಿ ಮೊದಲನೆಯದು ಕಡ್ಡಾಯವಾಗಿ ನೆಲಕ್ಕೆ ಕಾಲಿಡುವ ಮುಂಚೆ. ಬಗ್ಗಿ ಬೆರಳು ಹಿಡಿಯಲು ಹೊಟ್ಟೆ ಅಡ್ಡ ಬರುವವರು, ಕಾಲು ಚಾಚಿ ಕುಳಿತು ಪಂಚೆಯನ್ನು ಪಾದದ ಮುಂಭಾಗಕ್ಕೆ ಸುತ್ತಿ ಎರಡು ತುದಿಗಳನ್ನೂ ತಮ್ಮ ಕಡೆಗೆ ಎಳೆದುಕೊಳ್ಳಬಹುದು. ನನ್ನ ಹೆಂಡತಿ ಮೊದಲ ಬೆಳಗ್ಗೆ ಈ ದೃಶ್ಯವನ್ನು ಕಂಡು, "ಏನ್ರೀ, ಕುದುರೆ ಗಾಡಿ ಎಲ್ಲಿಗೆ ಹೊರಟಿತು?" ಎಂದಳು. ಗಾಡಿ ಬಚ್ಚಲಮನೆಯವರೆಗೆ ಚೌಕಟ್ಟನ್ನು ಹಿಡಿಯದೆ ಹೋಗಲು ಕೆಲವು ವಾರಗಳು ಬೇಕಾದುವು.

ಇದರ ಜೊತೆಗೆ ಮೀನಖಂಡವನ್ನೂ ಎಳೆಯಬೇಕು. ಗೋಡೆಗೆ ಎರಡು ಕೈಗಳನ್ನೂ ಊರಿ, ನೋಯುವ ಕಾಲನ್ನು ಹಿಂದಿಟ್ಟು, ಅದರ ಮೊಣಕಾಲು ಬಾಗದಂತೆ, ಹಿಮ್ಮಡಿ ನೆಲವನ್ನು ಬಿಡದಂತೆ, ಮುಂದಿನ ಕಾಲನ್ನು ಮಡಿಸಿ ವಾಲುವುದು. ಅರ್ಧ ನಿಮಿಷದಲ್ಲಿ ಹಿಂಗಾಲಿನ ಮಾಂಸದಲ್ಲಿ ಹಿತವಾದ ಎಳೆತ ಹುಟ್ಟುತ್ತದೆ. ನೋವು ಕೊಂಚ ತಗ್ಗಿದ ಮೇಲೆ ಬಲವರ್ಧನೆಯ ಕ್ರಮವೊಂದುಂಟು; ಡೆನ್ಮಾರ್ಕಿನ ಸಂಶೋಧಕರು ಸುಮಾರು 10 ವರ್ಷಗಳ ಹಿಂದೆ ಅದನ್ನು ಪರೀಕ್ಷಿಸಿ ಮೆಚ್ಚಿದರು. ಮೆಟ್ಟಿಲಿನ ಅಂಚಿನಲ್ಲಿ ಒಂದು ಟವಲನ್ನು ಸುರುಳಿ ಸುತ್ತಿಟ್ಟು, ಕಾಲ್ಬೆರಳುಗಳು ಅದರ ಮೇಲೆ ಏರಿ ಮಡಿಯುವಂತೆ ನಿಂತು, ಮೂರು ಎಣಿಸುವಷ್ಟರಲ್ಲಿ ಹಿಮ್ಮಡಿಯನ್ನು ಮೇಲಕ್ಕೆತ್ತಿ, ಎರಡು ಎಣಿಸುವಷ್ಟು ಕಾಲ ಅಲ್ಲಿಯೇ ತಡೆದು, ಮತ್ತೆ ಮೂರು ಎಣಿಸುತ್ತ ಇಳಿಸಬೇಕು. ಇದನ್ನು ದಿನ ಬಿಟ್ಟು ದಿನ ಮಾಡತಕ್ಕದ್ದು. ದುಡಿದ ನಾರಿಗೂ ಒಂದು ರಜೆ ಬೇಕು. ವಯಸ್ಸಾದವರು ಕಟಾಂಜನವನ್ನು ಹಿಡಿದೇ ಮಾಡಬೇಕು. ಹಿಮ್ಮಡಿ ನೋವು ವಾಸಿಯಾಗಿ ಸೊಂಟ ಮುರಿಯಿತೆಂದರೆ ಲಾಭವೇನು ಬಂತು?

ಅಂಗಾಲಿನ ಅಡಿಯಲ್ಲಿ ಏನನ್ನಾದರೂ ಉರುಳಿಸುವ ಪದ್ಧತಿಯೂ ಪ್ರಸಿದ್ಧವಾದದ್ದು. ಮೊಮ್ಮಗನ ಟೆನ್ನಿಸ್ ಚೆಂಡು ಇದಕ್ಕೆ ಪ್ರಶಸ್ತ. ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ಫ್ರಿಜ್ಜಿನ ಮೇಲಂತಸ್ತಿನಲ್ಲಿ ಗಡ್ಡೆ ಕಟ್ಟಿಸಿ, ಅದರ ಮೇಲೊಂದು ಬಟ್ಟೆ ಹಾಕಿ, ಸಂಜೆ ಪತ್ರಿಕೆ ಓದುತ್ತ ಕಾಲಿನಡಿಯಲ್ಲಿ ಹಿಂದಕ್ಕೂ ಮುಂದಕ್ಕೂ ಹತ್ತು ನಿಮಿಷ ಹೊರಳಿಸಿದರೆ, ದಿನವೆಲ್ಲ ನಿಂತ ಕಾಲಿನ ಕಾವು ಇಳಿಯುತ್ತದೆ. ಸ್ಪರ್ಶ ಮಂದವಾದ ಪಾದದವರಿಗೆ ಈ ಶೀತೋಪಚಾರವೂ ಸಲ್ಲದು. ಲಟ್ಟಣಿಗೆಯೂ ಆಗಬಹುದೆಂದು ಪುಸ್ತಕಗಳು ಹೇಳುತ್ತವೆ. ಅಂಥ ಪುಸ್ತಕಗಳನ್ನು ಬರೆದವರು ಅವಿವಾಹಿತರಿರಬೇಕು.

ಇಷ್ಟೆಲ್ಲ ಮಾಡಿದರೂ ಅದನ್ನು ವ್ಯರ್ಥಗೊಳಿಸುವ ಶತ್ರುವೊಂದು ನಮ್ಮ ಮನೆಗಳಲ್ಲಿಯೇ ಇದೆ. ಪ್ರತಿದಿನವೂ ಗುಡಿಸಿ ಒರೆಸಿ ಹೊಳಪಿಡುವ ನಮ್ಮ ನೆಲವೇ ಅದು. ನಾನು ಹುಟ್ಟಿದ ಮನೆಯಲ್ಲಿ ಪಡಸಾಲೆಯಿಂದ ಒಳಕ್ಕೆಲ್ಲ ಸಗಣಿ ಸಾರಿಸಿದ ಮಣ್ಣಿನ ನೆಲ. ಕಾಲಿಟ್ಟರೆ ಕೊಂಚ ಬಿಟ್ಟುಕೊಡುವ ಗುಣ ಅದಕ್ಕಿತ್ತು. ಅನುಕೂಲವಂತರು ಕಾವಿ ನೆಲ ಮಾಡಿಸಿಕೊಂಡರು. ಆಮೇಲೆ ಕಡಪದ ಕಲ್ಲು ಬಂತು, ಮೊಸಾಯಿಕ್ ಬಂತು. ಈಗ ಗ್ರಾನೈಟು, ವಿಟ್ರಿಫೈಡ್ ಟೈಲ್ಸು. ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಈ ಶಿಲೆಗಳ ಮೇಲೆ ನಾವು ಬರಿಗಾಲಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಓಡಾಡುತ್ತೇವೆ; ಬೀದಿಗೆ ಹೋಗುವ ಅರ್ಧ ತಾಸಿಗೆ ಮಾತ್ರ ಮೆತ್ತನೆಯ ಪಾದರಕ್ಷೆ ಧರಿಸುತ್ತೇವೆ. ವಯಸ್ಸಾದಂತೆ ಹಿಮ್ಮಡಿಯ ಅಡಿಯ ಸಹಜವಾದ ಕೊಬ್ಬಿನ ಮೆತ್ತೆ ತನ್ನ ಪುಟಿತವನ್ನು ಕಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಜನರು ನಿವೃತ್ತಿಯ ಹಣದಿಂದ ನೆಲಕ್ಕೆ ಗ್ರಾನೈಟ್ ಹಾಕಿಸುತ್ತಾರೆ. ದೇವಸ್ಥಾನಕ್ಕೆ, ಬೆಟ್ಟಕ್ಕೆ ಬರಿಗಾಲಿನಲ್ಲಿ ಹೋಗುವುದು ಭಕ್ತಿಯ ವಿಷಯ. ವಿಂಧ್ಯಗಿರಿಯ ಮೆಟ್ಟಿಲುಗಳನ್ನು ಚಪ್ಪಲಿ ಹಾಕಿಕೊಂಡು ಏರಬೇಕೆಂದು ನಾನು ಹೇಳುವವನಲ್ಲ. ಹಜಾರದಿಂದ ಅಡುಗೆಮನೆಗೆ ಹೋಗುವುದರಲ್ಲಿ ಯಾವ ಯಾತ್ರೆಯ ಫಲವಿದೆ?

ಹಿಮ್ಮಡಿಯ ನೋವಿಗೆ ವೈದ್ಯರು ಬರೆದುಕೊಡುವ ಎಂಸಿಆರ್ ಚಪ್ಪಲಿಯ ಇತಿಹಾಸವು ಕೇಳತಕ್ಕದ್ದಾಗಿದೆ. ಸೂಕ್ಷ್ಮ ಗಾಳಿಗುಳ್ಳೆಗಳನ್ನು ತನ್ನೊಳಗೆ ಹಿಡಿದಿಟ್ಟುಕೊಂಡ ಈ ಮೆತ್ತನೆಯ ರಬ್ಬರನ್ನು ಪಾದರಕ್ಷೆಗೆ ಅಳವಡಿಸುವ ಕೆಲಸ ನಡೆದದ್ದು 1950ರ ದಶಕದ ಈಚೆಗೆ, ನೆರೆಯ ವೆಲ್ಲೂರಿನಲ್ಲಿ, ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯನೂ ಅವನ ಸಹೋದ್ಯೋಗಿಗಳೂ ಕುಷ್ಠರೋಗಿಗಳಿಗಾಗಿ ಶ್ರಮಿಸುತ್ತಿದ್ದಾಗ. ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ 1914ರಲ್ಲಿ ಮಿಷನರಿ ದಂಪತಿಗಳ ಮಗನಾಗಿ ಹುಟ್ಟಿದ ಈತನು, ಕುಷ್ಠರೋಗಿಗಳ ಕೈಕಾಲುಗಳು ಹಾಳಾಗುವುದು ರೋಗವೇ ಮಾಂಸವನ್ನು ತಿನ್ನುವುದರಿಂದಲ್ಲ, ನೋವೇ ತಿಳಿಯದೆ ಅವರು ಗಾಯದ ಮೇಲೆ ಗಾಯ ಮಾಡಿಕೊಳ್ಳುವುದರಿಂದ ಎಂದು ತೋರಿಸಿಕೊಟ್ಟನು. ನೋವೆಂಬುದು ಮನುಷ್ಯನಿಗೆ ದೊರೆತ ವರವೆಂದು ಮುಂದೆ ಪುಸ್ತಕವನ್ನೇ ಬರೆದನು. ನೋವರಿಯದ ಪಾದಗಳನ್ನು ಕಾಯಲು ಹುಟ್ಟಿದ ಚಪ್ಪಲಿ, ನೋವನ್ನಲ್ಲದೆ ಬೇರೇನನ್ನೂ ಅರಿಯದ ನಮ್ಮ ಪಾದಗಳಿಗೆ ಆಶ್ರಯವಾದುದು ಹೀಗೆ. ಬೆಳಗಿನ ಮೊದಲ ಹೆಜ್ಜೆಯ ಹೊತ್ತಿನಲ್ಲಿ ಬ್ರ್ಯಾಂಡನ ಸಿದ್ಧಾಂತವನ್ನು ಒಪ್ಪುವುದು ಕಷ್ಟ. ಚಪ್ಪಲಿಯನ್ನು ಒಪ್ಪುವುದು ಸುಲಭ.

ಸುಲಭವೆಂದದ್ದು ಪಾದದ ಮಾತು. ಮನೆಯ ಮಾತು ಬೇರೆ. ಕಪ್ಪು ಪಟ್ಟಿಯ ಹೊಸ ಜೋಡಿಯನ್ನು ಹಾಕಿಕೊಂಡು ನಾನು ಹಜಾರದಲ್ಲಿ ಮೊದಲ ಬಾರಿಗೆ ಸಂಚರಿಸಿದಾಗ, ಊರಿನಿಂದ ಬಂದಿದ್ದ ನನ್ನ ಸೋದರತ್ತೆ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಮೆಟ್ಟು ಹಾಕ್ಕೊಂಡು ಮನೆ ತುಂಬ ತಿರುಗ್ತೀಯಲ್ಲೋ, ನಿಮ್ಮಪ್ಪ ಇದ್ದಿದ್ರೆ ಹೊಸಿಲು ದಾಟೋಕೆ ಬಿಡ್ತಿದ್ನೇನೋ?" ಎಂದು ಕೇಳಿದರು.

"ಇದು ಬೀದಿ ಕಾಣದ ಚಪ್ಪಲಿ ಅತ್ತೆ, ಮನೆಗೇ ಅಂತ ತಂದದ್ದು."

ಅತ್ತೆ ನನ್ನ ಕಾಲನ್ನೇ ಸ್ವಲ್ಪ ಹೊತ್ತು ನೋಡಿದರು. "ತೊಗಲಿಂದಲ್ಲ ತಾನೆ?"

"ರಬ್ಬರು."

"ಹಾಗಾದ್ರೆ ಸರಿ. ನಮ್ಮ ತಾತ ಮಡಿಲಿ ಹಾವುಗೆ ಮೆಟ್ಕೊಂಡೇ ಓಡಾಡ್ತಿದ್ರು. ಮರದ್ದು, ದೋಷ ಇಲ್ಲ ಅನ್ನೋರು. ದೇವರ ಮನೆ ಹತ್ರ ಮಾತ್ರ ತರಬೇಡ."

ಯಾವ ಧರ್ಮಶಾಸ್ತ್ರಜ್ಞನೂ ಇದಕ್ಕಿಂತ ಶೀಘ್ರವಾಗಿ ತೀರ್ಪು ಕೊಟ್ಟಿರಲಾರನು. ಮರದ ಹಾವುಗೆಗೆ ಒಳಮನೆಯಲ್ಲಿ ಸಲ್ಲುತ್ತಿದ್ದ ಪ್ರವೇಶವನ್ನು ರಬ್ಬರಿಗೂ ವಿಸ್ತರಿಸುವ ಈ ನ್ಯಾಯವನ್ನು, ಹಿಮ್ಮಡಿ ನೋವಿನಿಂದಲೂ ಆಚಾರಭಯದಿಂದಲೂ ಏಕಕಾಲದಲ್ಲಿ ಪೀಡಿತರಾದವರೆಲ್ಲರ ಉಪಯೋಗಕ್ಕಾಗಿ ಇಲ್ಲಿ ದಾಖಲೆ ಮಾಡುತ್ತಿದ್ದೇನೆ. ಒಳಚಪ್ಪಲಿ ಒಳಗೆ, ಹೊರಚಪ್ಪಲಿ ಹೊರಗೆ. ಎರಡರ ನಡುವೆ ಹೊಸಿಲು. ಇದರಿಂದ ಮನೆಯ ಶುಚಿಗೆ ಒಂದು ಎಳೆಯಷ್ಟೂ ಭಂಗ ಬರುವುದಿಲ್ಲ. ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು: ಹಿಮ್ಮಡಿಯ ಕೆಳಗೆ ಬೆರಳಿನಷ್ಟು ದಪ್ಪವಿರಬೇಕು, ಮುಂಭಾಗಕ್ಕಿಂತ ಹಿಂಭಾಗ ತುಸು ಎತ್ತರವಿರಬೇಕು, ಅಂಗಾಲಿನ ಕಮಾನಿಗೆ ಆಸರೆಯಿರಬೇಕು. ಹಿಮ್ಮಡಿಯ ಜಾಗದಲ್ಲಿ ಸವೆದು ಕಾಗದವಾದ ಹವಾಯಿ ಚಪ್ಪಲಿಗೂ ಬರಿಗಾಲಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಮುಳ್ಳುಮುಳ್ಳಾದ ಆಕ್ಯುಪ್ರೆಶರ್ ಚಪ್ಪಲಿಗಳನ್ನು ಪರಮಾರ್ಥಸಾಧಕರಿಗೆ ಬಿಡುವುದು ಒಳ್ಳೆಯದು.

ನನ್ನ ಹೆಂಡತಿಯ ಹಿಮ್ಮಡಿಯೂ ನೋಯುತ್ತಿತ್ತೆಂಬ ಸಂಗತಿ ಹೊರಬಿದ್ದದ್ದು ಈ ಮಾತುಕತೆಯ ನಡುವೆ, ತೀರ ಸಹಜವಾಗಿ, ತರಕಾರಿಯ ಬೆಲೆ ಹೇಳುವ ಧಾಟಿಯಲ್ಲಿ. ಹಿಂದೆ ನಮ್ಮ ಹೆಂಗಸರು ಒಲೆಯ ಮುಂದೆ ಮಣೆಯ ಮೇಲೆ ಕುಳಿತು ಬೇಯಿಸುತ್ತಿದ್ದರು, ಈಳಿಗೆಮಣೆಯ ಮೇಲೆ ಕುಳಿತು ಹೆಚ್ಚುತ್ತಿದ್ದರು, ಒರಳಿನ ಮುಂದೆ ಕುಳಿತು ರುಬ್ಬುತ್ತಿದ್ದರು. ಹೊಗೆ ಕುಡಿದರು, ಬೆನ್ನು ಬಗ್ಗಿಸಿದರು, ಆದರೆ ಹಿಮ್ಮಡಿಗೆ ಅಷ್ಟು ಹೊತ್ತು ವಿರಾಮವಿತ್ತು. ಗ್ಯಾಸಿನ ಒಲೆಯೂ ಅಡುಗೆಕಟ್ಟೆಯೂ ಬಂದ ಮೇಲೆ ಹೆಚ್ಚುವುದು, ರುಬ್ಬುವುದು, ಬೇಯಿಸುವುದು, ತೊಳೆಯುವುದು ಎಲ್ಲವೂ ನಿಂತೇ, ಗ್ರಾನೈಟಿನ ಮೇಲೆಯೇ, ಬರಿಗಾಲಿನಲ್ಲಿಯೇ. ಕಟ್ಟೆಯ ಮುಂದೆ ದಪ್ಪನೆಯದೊಂದು ರಬ್ಬರ್ ಚಾಪೆ, ಪಕ್ಕದಲ್ಲಿ ಎತ್ತರದ ಸ್ಟೂಲೊಂದು, ಇವೆರಡಕ್ಕೂ ಒಂದು ರೇಷ್ಮೆ ಸೀರೆಯ ಅಂಚಿನ ಬೆಲೆಯೂ ಆಗುವುದಿಲ್ಲ. ರೇಷ್ಮೆ ಸೀರೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಆ ಅಂಗಡಿಗಳಲ್ಲಿ ನಾವು ಮೆತ್ತೆಯ ಮೇಲೆ ಕುಳಿತು ನೂರು ಸೀರೆ ಬಿಚ್ಚಿಸುವಾಗ, ಬಿಚ್ಚುವ ಹುಡುಗಿಯರು ಬೆಳಗಿನಿಂದ ನಿಂತೇ ಇರುತ್ತಾರೆ. ಕೇರಳದಲ್ಲಿ ಅಂಗಡಿಯ ಕೆಲಸದವರಿಗೆ ಕುಳಿತುಕೊಳ್ಳುವ ಹಕ್ಕನ್ನು 2018ರಲ್ಲಿ ಶಾಸನದಿಂದಲೇ ಕೊಟ್ಟರು; ತಮಿಳುನಾಡು 2021ರಲ್ಲಿ ಹಾಗೆಯೇ ಮಾಡಿತು. ಕುಳಿತುಕೊಳ್ಳುವುದಕ್ಕೂ ಕಾನೂನು ಬೇಕಾಗುವ ಕಾಲದಲ್ಲಿ ಮನೆಯ ಸ್ಟೂಲಿಗೆ ಯಾವ ಶಾಸನವೂ ಅಡ್ಡ ಬರುವುದಿಲ್ಲವೆಂಬುದನ್ನು ಗೃಹಸ್ಥರು ಗಮನಿಸಬೇಕು.

ಹಿಮ್ಮಡಿಯ ಎಲ್ಲ ನೋವೂ ಪಂಚೆಗೂ ಚಪ್ಪಲಿಗೂ ಬಗ್ಗುವುದಲ್ಲ. ಬಿದ್ದೋ ಎತ್ತರದಿಂದ ಹಾರಿಯೋ ಆಮೇಲೆ ಕಾಲೂರಲಾಗದವರು, ಊತವೂ ಜ್ವರವೂ ಕೂಡಿ ಬಂದವರು, ರಾತ್ರಿ ಮಲಗಿದಾಗಲೂ ಜುಮುಜುಮು ಉರಿ ಬಿಡದವರು, ಎರಡೂ ಹಿಮ್ಮಡಿಗಳ ಜೊತೆಗೆ ಬೆಳಗಿನ ಹೊತ್ತು ಬೆನ್ನೂ ಬಹಳ ಹೊತ್ತು ಬಿಗಿದಿರುವ ಎಳೆವಯಸ್ಸಿನವರು ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆಯವರು ನೋವಿರಲಿ ಇಲ್ಲದಿರಲಿ, ಪ್ರತಿ ರಾತ್ರಿಯೂ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಿಕೊಂಡೇ ಮಲಗತಕ್ಕದ್ದು.

ಉಳಿದವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಬೆಳಗ್ಗೆ ಏಳುವ ಮೊದಲು ಹೆಬ್ಬೆರಳನ್ನು ಎಳೆಯಿರಿ. ಬೇಸರಪಟ್ಟು ವಾರಕ್ಕೆ ಬಿಡಬೇಡಿ, ತಿಂಗಳುಗಟ್ಟಲೆ ಎಳೆಯಿರಿ. ಮನೆಯೊಳಗಿನ ಚಪ್ಪಲಿಯನ್ನು ಈ ವಾರವೇ ಕೊಳ್ಳಿರಿ; ಕೊಳ್ಳುವಾಗ ಅಡುಗೆಮನೆಯಲ್ಲಿ ನಿಲ್ಲುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರಿಗೂ ಒಂದು ಜೊತೆ ತೆಗೆಸಿರಿ. ಅಂಗಡಿಗೆ ಹೋಗುವುದು ಸಂಜೆಯ ಹೊತ್ತಿಗಿರಲಿ. ದಿನವೆಲ್ಲ ನಿಂತ ಪಾದ ಬೆಳಗಿನ ಅಳತೆಗಿಂತ ತುಸು ದೊಡ್ಡದಾಗಿರುತ್ತದೆ.